ನಾಲ್ಕು ಬೆರಳು ಹೆಚ್ಚು

ಕೌದಿ ಸುಳ್ಳು ಹೇಳುವುದಿಲ್ಲ. ಗಜದ ಕಡ್ಡಿ ಹೇಳುತ್ತದೆ. ಅದರಲ್ಲೂ ನಮ್ಮವರ ಕೈಯಲ್ಲಿರುವ ಗಜದ ಕಡ್ಡಿ ಇಪ್ಪತ್ತೆರಡು ವರ್ಷ ನನಗೆ ಸುಳ್ಳು ಹೇಳಿಕೊಂಡು ಬಂತು, ನಾನೂ ನಂಬಿಕೊಂಡು ಬಂದೆ. ಗಂಡನ ಮಾತು ಅಂತ ನಂಬಿದ್ದಲ್ಲ. ಅಳೆಯುವುದು ಅವರ ಕಸುಬಲ್ಲವೇ ಅಂತ ನಂಬಿದ್ದು.

ನಮ್ಮೂರಿನ ಗೋಡೆಗಳು ವರ್ಷಕ್ಕೊಂದು ಬೆರಳು ಬೆಳೆಯುತ್ತವೆ. ಪುಣ್ಯಕ್ಕೆ ಮನೆಯ ಒಳಮುಖಕ್ಕೆ ಮಾತ್ರ. ಹೊರಗೂ ಬೆಳೆದಿದ್ದರೆ ಓಣಿಗಳೇ ಉಳಿಯುತ್ತಿರಲಿಲ್ಲ. ಸುಗ್ಗಿ ಮುಗಿದು ಬಿಸಿಲು ಏರುವ ಮುಂಚೆ ಎಲ್ಲರೂ ತಮ್ಮ ತಮ್ಮ ಗೋಡೆಗಳನ್ನು ಒಂದು ಬೆರಳು ಹೆರೆದುಕೊಳ್ಳುತ್ತಾರೆ. ಆ ಎಂಟು ದಿನ ಊರಿಗೆ ಊರೇ ಕೆಮ್ಮುತ್ತದೆ. ಹೆರೆದ ಮಣ್ಣನ್ನು ಹಿತ್ತಲ ಬದನೆಗಿಡದ ಬುಡಕ್ಕೆ ಹಾಕಿದರೆ ಕಾಯಿ ಚೆನ್ನಾಗಿ ಬರುತ್ತದೆ. ಗೋಡೆಗೆ ತೂಗುಹಾಕಿ ಮರೆತದ್ದನ್ನು ಗೋಡೆ ನುಂಗಿಕೊಳ್ಳುತ್ತದೆ, ಅದಕ್ಕೆ ಯಾರೂ ಅದರ ಮೇಲೆ ಸಿಟ್ಟಾಗುವುದಿಲ್ಲ. ಹೆಣ್ಣು ಕೊಡುವವರು ಗಂಡಿನ ಮನೆಗೆ ಬಂದರೆ ಮೊದಲು ನೋಡುವುದು ಕೋಣೆಯ ಮೂಲೆಗಳನ್ನು. ಮೂಲೆ ಚೂಪಾಗಿದ್ದರೆ ಮನೆಯವರು ಚುರುಕು, ದುಂಡಗಾಗಿದ್ದರೆ ಮೈಗಳ್ಳರು. ನಮ್ಮ ನಡುಮನೆಗೆ ಮೂಲೆಗಳೇ ಇರಲಿಲ್ಲ.

ನಮ್ಮವರು ಬಟ್ಟೆ ಅಂಗಡಿಯಲ್ಲಿ ಅಳೆದು ಕತ್ತರಿಸುವ ಕೆಲಸದವರು. ಹೆಸರು ಚನವೀರಪ್ಪ, ಆದರೆ ಊರವರು ಕರೆಯುವುದು ನಾಕು ಬಟ್ಟಿನ ಚನವೀರಣ್ಣ ಅಂತ. ಬಟ್ಟು ಅಂದರೆ ನಮ್ಮ ಕಡೆ ಬೆರಳು. ಯಾರೇ ಬಂದು ಎಷ್ಟೇ ಕೇಳಲಿ, ಅಳತೆ ಮುಗಿದ ಮೇಲೆ ನಾಲ್ಕು ಬೆರಳು ಹೆಚ್ಚಿಗೆ ಬಿಟ್ಟೇ ಕತ್ತರಿ ಹಾಕುತ್ತಾರೆ. "ತೊಳದ್ರ ಕುಗ್ಗತೈತಿ, ಇರಲಿ" ಅನ್ನುತ್ತಾರೆ. ಅವರಿಂದಾಗಿ ನಮ್ಮೂರ ಮಕ್ಕಳ ಅಂಗಿಗಳೆಲ್ಲ ಮೊಣಕಾಲಿನ ತನಕ. ಪ್ರತಿವರ್ಷ ಹೆರೆಯುವ ದಿನ ಬಂದಾಗ ನಾನು "ನಡುಮನಿ ಸಣ್ಣದಾಗೇತ್ರಿ" ಅಂದರೆ, ಕಡ್ಡಿ ಹಿಡಿದು ಆ ಗೋಡೆಯಿಂದ ಈ ಗೋಡೆಗೆ ಅಳೆದು, ಕೊನೆಗೆ ರೂಢಿಯಂತೆ ನಾಲ್ಕು ಬೆರಳು ಸೇರಿಸಿ, "ಇನ್ನೂ ಬೇಕಾದಷ್ಟೈತಿ, ಮುಂದಿನ ವರ್ಷ ನೋಡೂಣು" ಅಂದುಬಿಡುವರು. ಅಡುಗೆಮನೆ ಹೆರೆದೆವು, ಪಡಸಾಲೆ ಹೆರೆದೆವು. ನಡುಮನೆ ದೊಡ್ಡದಲ್ಲವೇ ಅಂತ ಇಪ್ಪತ್ತೆರಡು ವರ್ಷ ಅದರ ಗೋಡೆಗೆ ಉಳಿ ಮುಟ್ಟಿಸಲಿಲ್ಲ.

ಕೌದಿ ಹೊಲಿಯಲು ಕೂರುತ್ತಿದ್ದದ್ದು ಆ ನಡುಮನೆಯಲ್ಲೇ. ಹಳೇ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ, ನಾಲ್ಕು ಮೂಲೆಯಿಂದ ಒಳಮುಖವಾಗಿ ಹೊಲಿಯುತ್ತ ಬರಬೇಕು. ಮೊದಲು ನಾವು ನಾಲ್ವರು. ಗೌರವ್ವ ಮಗಳ ಊರಿಗೆ ಹೋದ ಮೇಲೆ ಮೂವರಾದೆವು: ನಾನು, ತುಳಸಕ್ಕ, ಹುಸೇನಬಿ. ತುಳಸಕ್ಕ ನಮಗೆಲ್ಲ ಹಿರಿಯಳು, ಹೊಲಿಗೆ ಎಷ್ಟು ನೇರವೋ ಮಾತೂ ಅಷ್ಟೇ ನೇರ. ಹುಸೇನಬಿ ಹೊಲಿಯುವುದಕ್ಕಿಂತ ಕಥೆ ಹೇಳುವುದೇ ಹೆಚ್ಚು. ಗೌರವ್ವನ ಮೂಲೆ ಗಾಳಿಗೆ ಮಗುಚಿಕೊಳ್ಳದ ಹಾಗೆ ಅಲ್ಲೊಂದು ಒರಳಿನ ಗುಂಡುಕಲ್ಲು ಇಡುತ್ತಿದ್ದೆವು. ಮಧ್ಯಾಹ್ನ ಮೂರರಿಂದ ಐದು. ಮುಚ್ಚುಮರೆಯಿಲ್ಲದೆ ಹೇಳಬೇಕೆಂದರೆ, ಆ ಎರಡು ತಾಸಿಗಾಗಿಯೇ ನಾನು ಬೆಳಿಗ್ಗೆ ಏಳುತ್ತಿದ್ದೆ.

ಆ ಎರಡು ತಾಸಿಗೆ ಒಂದೇ ಅಡ್ಡಿ: ಮೂಡಣ ಗೋಡೆಯ ಆಚೆ ಇರುವ ಸುಂದರಾಬಾಯಿ ಅಕ್ಕೋರು. ಕನ್ನಡ ಶಾಲೆಯಲ್ಲಿ ಹೆಡ್ ಅಕ್ಕೋರಾಗಿದ್ದು, ಊರಿನ ಅರ್ಧ ಜನಕ್ಕೆ ಕೈಕಟ್ಟಿ ಬಾಯಿ ಮುಚ್ಚಿ ಕೂರುವುದನ್ನು ಕಲಿಸಿ ನಿವೃತ್ತರಾದವರು. ನಮ್ಮವರಿಗೆ ಮೂರನೇ ಇಯತ್ತೆಯಲ್ಲಿ ಲೆಕ್ಕ ಹೇಳಿಕೊಟ್ಟವರೂ ಅವರೇ, ಹೇಳಿಕೊಟ್ಟರೂ ಇವನಿಗೆ ಬರಲಿಲ್ಲ ಎಂದು ಇಂದಿಗೂ ಹೇಳುವವರೂ ಅವರೇ. ಒಬ್ಬರೇ ಇರುತ್ತಾರೆ. ಅವರ ಮನೆಯ ಮೂಲೆಗಳು ಕೈ ತಾಗಿದರೆ ಗೀರುವಷ್ಟು ಚೂಪು. ನಾವು ಕೌದಿಗೆ ಕೂತು ಮಾತು ಹದಕ್ಕೆ ಬರುವಷ್ಟರಲ್ಲಿ ಗೋಡೆಯ ಆಚೆಯಿಂದ ಟಕ್ ಟಕ್ ಟಕ್ ಅಂತ ಮೂರು ಪೆಟ್ಟು. ನಾವು ದನಿ ತಗ್ಗಿಸುತ್ತಿದ್ದೆವು. ಮತ್ತೆ ಮೂರು ಪೆಟ್ಟು, ಇನ್ನೂ ಜೋರಾಗಿ. ಪಿಸುಮಾತಿಗೆ ಇಳಿಯುತ್ತಿದ್ದೆವು. ಆಗಂತೂ ಗೋಡೆಯ ಸುಣ್ಣ ಉದುರುವ ಹಾಗೆ ಬಡಿಯುತ್ತಿದ್ದರು. ಕೊನೆಗೆ ಬರೀ ಕಣ್ಣಲ್ಲಿ ಮಾತಾಡಿಕೊಂಡರೂ ಪೆಟ್ಟು ನಿಲ್ಲುತ್ತಿರಲಿಲ್ಲ. "ಕಣ್ಣಿನ ಮಾತೂ ಕೇಳಸ್ತಾವೇನ ಈ ಅಕ್ಕೋರಿಗೆ?" ಎಂದು ಹುಸೇನಬಿ ಗೊಣಗುವಳು. ಹೋಗಿ ಕೇಳುವ ಧೈರ್ಯ ನಮ್ಮ ಮೂವರಲ್ಲಿ ಯಾರಿಗೂ ಇರಲಿಲ್ಲ.

ಈ ವರ್ಷ ಯುಗಾದಿಗೆ ಇಪ್ಪತ್ತು ದಿನ ಇರುವಾಗ ಒಂದು ದೊಡ್ಡ ಕೌದಿ ಹಾಸಿದೆವು. ಎರಡು ಅಂಚು ಗೋಡೆ ಹತ್ತಿ ನಿಂತವು. ತುಳಸಕ್ಕ ಟ್ರಂಕಿನ ಮೇಲೆ ಕೂತು ಬಗ್ಗಿ ಹೊಲಿಯಬೇಕಾಯಿತು, ಹುಸೇನಬಿಯ ಮೊಣಕೈ ಪ್ರತಿ ಹೊಲಿಗೆಗೂ ನನ್ನ ಪಕ್ಕೆಗೆ ತಿವಿಯಿತು. ಆದರೂ ಆ ದಿನ ಸೊಗಸಾಗಿತ್ತು. ಹುಸೇನಬಿ ತನ್ನ ಕಾಸೀಮ ಮಾಮುವಿನ ಮದುವೆ ಮೆರವಣಿಗೆಯ ಕಥೆ ತೆಗೆದಿದ್ದಳು. ಮದುಮಗನಿಗೆ ಎಲ್ಲೂ ಕುದುರೆ ಸಿಗದೆ ಹಾಲಿನವನ ಕುದುರೆ ತಂದಿದ್ದರಂತೆ. ಅದು ಹತ್ತು ವರ್ಷ ಹಾಲಿನ ಗಾಡಿ ಎಳೆದ ಕುದುರೆ. ದಿನಾ ಹಾಲು ಕೊಡುತ್ತಿದ್ದ ಪ್ರತಿ ಮನೆಯ ಮುಂದೆಯೂ ನಿಲ್ಲುತ್ತ, ಮನೆಯವರು ಪಾತ್ರೆ ಹಿಡಿದು ಹೊರಗೆ ಬರುವ ತನಕ ಹೆಜ್ಜೆ ಎತ್ತುತ್ತಿರಲಿಲ್ಲವಂತೆ. ಹೀಗೆ ನಿಂತೂ ನಿಂತೂ, ಕೊನೆಗೆ, ಹಿಂದಿನ ವರ್ಷ ಇದೇ ಮಾಮುವನ್ನು ಒಲ್ಲೆ ಅಂದಿದ್ದ ಹುಡುಗಿಯ ಬಾಗಿಲಿಗೆ ಬಂದು ನಿಂತಿತು. ಆಮೇಲೇನಾಯಿತು ಎಂದು ನಾನು ಕೇಳುವುದಕ್ಕೂ ಆಚೆಯಿಂದ ಟಕ್ ಟಕ್ ಟಕ್ ಬರುವುದಕ್ಕೂ ಸರಿಹೋಯಿತು. ಹುಸೇನಬಿ ದನಿ ತಗ್ಗಿಸಿದಳು. ಮತ್ತೆ ಪೆಟ್ಟು. ಅವಳಿಗೆ ರೇಗಿ ಸೂಜಿ ಚುಚ್ಚಿಟ್ಟು ಎದ್ದೇಬಿಟ್ಟಳು. "ಇನ್ನ ಕಥಿ ಇಲ್ಲ, ಏನೂ ಇಲ್ಲ."

ಆಗಲೇ ತುಳಸಕ್ಕ ಟ್ರಂಕಿನಿಂದ ಇಳಿದು ಸೊಂಟ ಹಿಡಿದುಕೊಂಡು ನನ್ನ ಕಡೆ ತಿರುಗಿದಳು. "ನಿಂಬೆವ್ವ, ಬ್ಯಾಸರಾ ಮಾಡ್ಕೋಬ್ಯಾಡ. ಮ್ಯಾಲಿನ ಓಣಿ ಶಿವಲೀಲಾ ತನ್ನ ಹಾಲ್‌ಗೆ ಬರ್ರಿ ಅನ್ನಾಕತ್ತಾಳ. ಯುಗಾದಿ ಆದಿಂದ ಅಲ್ಲೇ ಕೂಡೂಣು. ಇಲ್ಲಿ ನನ್ನ ಸೊಂಟ ಉಳಿಯೂದಿಲ್ಲ."

ಶಿವಲೀಲಾಳ ಹಾಲ್ ಯಾರಿಗೆ ಗೊತ್ತಿಲ್ಲ. ಅಲ್ಲಿ ಜಾಗಕ್ಕೆ ಕೊರತೆಯಿಲ್ಲ, ಆದರೆ ಅಲ್ಲಿ ಶಿವಲೀಲಾ ಒಬ್ಬಳೇ ಮಾತಾಡುವುದು. ಉಳಿದವರು ಹೂಂಗುಟ್ಟಬೇಕು. ತುಳಸಕ್ಕ ಹೋದರೆ ಹುಸೇನಬಿಯೂ ಹೋಗುತ್ತಾಳೆ. ನನ್ನದು ಮೊದಲೇ ಸಣ್ಣ ದನಿ; ಅಲ್ಲಿ ನಾನಿದ್ದೇನೆ ಅನ್ನುವುದೂ ಯಾರಿಗೂ ಗೊತ್ತಾಗುವುದಿಲ್ಲ. ಅವರು ಹೋದ ಮೇಲೆ ಕೌದಿಯ ಅಂಚು ಗೋಡೆ ಹತ್ತಿ ನಿಂತದ್ದನ್ನು ನೋಡುತ್ತ ಕೂತೆ. ಅಳುವೇ ಬಂತು. ಆಮೇಲೆ ಸಿಟ್ಟು ಬಂತು. ನಮ್ಮವರು ಅಂಗಡಿಯಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಹೇಳಿದೆ: "ಯುಗಾದಿಯೊಳಗ ನಡುಮನಿ ಹೆರೀಬೇಕು. ಕಡ್ಡಿ ತರಬ್ಯಾಡ್ರಿ. ಕೌದಿ ಅಳದೈತಿ."

ನಮ್ಮವರು ಕೌದಿ ನೋಡಿದರು, ಗೋಡೆ ನೋಡಿದರು, ನನ್ನ ಮುಖ ನೋಡಿದರು. "ನಾಳಿಂದನ ಶುರು ಮಾಡೂಣು" ಅಂದರು.

ಇಪ್ಪತ್ತೆರಡು ಬೆರಳು ಹೆರೆಯುವುದು ಗಂಡ ಹೆಂಡತಿ ಇಬ್ಬರಿಂದ ಆಗುವ ಮಾತಲ್ಲ. ನಮ್ಮವರ ಅಕ್ಕ ಕಲ್ಲವ್ವನಿಗೆ ಹೇಳಿಕಳಿಸಿದೆವು. ನಮ್ಮವರಿಗಿಂತ ಆರು ವರ್ಷ ದೊಡ್ಡವರು. ಗೋಡೆಗೆ ಸಂಬಂಧಪಟ್ಟ ಊರಿನ ಕಟ್ಟುಕಟ್ಟಳೆ ಅವರಿಗೆ ಬಾಯಿಪಾಠ. ಸ್ವಂತ ಬಾಚಿ, ಸ್ವಂತ ಉಳಿ, ಮೂರು ದಿನಕ್ಕಾಗುವಷ್ಟು ರೊಟ್ಟಿ ಕಟ್ಟಿಕೊಂಡು ಬಂದು ಇಳಿದರು. ನನ್ನ ತಮ್ಮ ಗುರುಸಿದ್ಧ ಹಿಟ್ಟಿನ ಗಿರಣಿ ಮುಚ್ಚಿ ಬಂದ. ದುಡಿಯುವಾಗ ಎತ್ತಿನ ಹಾಗೆ ದುಡಿಯುತ್ತಾನೆ, ಕೂತಲ್ಲೇ ನಿದ್ದೆ ಹೋಗುತ್ತಾನೆ. ಆದರೆ ಹಿಟ್ಟಿನ ಧೂಳು ಕುಡಿದು ಬೆಳೆದವನಾದ್ದರಿಂದ ಇಡೀ ಮನೆಯಲ್ಲಿ ಕೆಮ್ಮದಿದ್ದವನು ಅವನೊಬ್ಬನೇ. ತುಳಸಕ್ಕ, ಹುಸೇನಬಿ ಮನೆಕೆಲಸ ಮುಗಿಸಿ ಮಧ್ಯಾಹ್ನ ಕುರ್ಪಿ ಹಿಡಿದು ಬರುತ್ತಿದ್ದರು. ಶಿವಲೀಲಾಳ ಹಾಲ್‌ಗೆ ಹೋಗುವವಳು ನೀನೇಕೆ ಬಂದೆ ಎಂದು ನಾನು ತುಳಸಕ್ಕನನ್ನು ಕೇಳಲಿಲ್ಲ, ಆಕೆಯೂ ಹೇಳಲಿಲ್ಲ. ಕುದುರೆ ಏನಾಯಿತು ಎಂದು ಹುಸೇನಬಿಯನ್ನು ಮಾತ್ರ ದಿನಕ್ಕೆ ನಾಲ್ಕು ಸಲ ಕೇಳುತ್ತಿದ್ದೆವು. "ಕೌದಿ ಹಾಸದ ನಾ ಕಥಿ ಹೇಳೂದಿಲ್ಲ" ಅಂತ ಆಕೆಯದು ಒಂದೇ ಹಟ.

ಹೆರೆಯುವುದಕ್ಕೆ ಒಂದು ಕ್ರಮವಿದೆ. ಗೋಡೆ ಎಷ್ಟು ಬೆರಳು ಬೆಳೆದಿದೆಯೋ ಅಷ್ಟು ಉದ್ದಕ್ಕೆ ಒಂದು ಕಬ್ಬಿಣದ ಸಲಾಕೆಗೆ ಕೆಂಪು ದಾರ ಕಟ್ಟಬೇಕು. ದಾರ ಗೋಡೆಗೆ ತಾಗುವ ತನಕ ಸಲಾಕೆ ಹೊಡೆದು ಅಲ್ಲಲ್ಲಿ ಗುರುತಿನ ತೂತು ಮಾಡಬೇಕು. ಆಮೇಲೆ ಯಾರು ಬೇಕಾದರೂ ಕಣ್ಣು ಮುಚ್ಚಿ ಹೆರೆಯಬಹುದು. ತೂತು ಮುಗಿದಲ್ಲಿ ಮೂಲ ಗೋಡೆ, ಅಲ್ಲಿಗೆ ನಿಲ್ಲಿಸುವುದು. ಅಳೆದು ದಾರ ಕಟ್ಟುವ ಕೆಲಸ, ಸಹಜವಾಗಿಯೇ, ನಮ್ಮವರದ್ದಾಯಿತು. ಯಾರೂ ಮತ್ತೊಮ್ಮೆ ಅಳೆದು ನೋಡಲಿಲ್ಲ. ನಾನೂ ನೋಡಲಿಲ್ಲ, ಹೊಟ್ಟೆಯಲ್ಲಿ ಅಷ್ಟು ಸಿಟ್ಟಿಟ್ಟುಕೊಂಡವಳು.

ಮೂಡಣ ಗೋಡೆಗೆ ಕೈ ಹಾಕುವ ದಿನ ಕಲ್ಲವ್ವ ಎಲ್ಲರನ್ನೂ ನಿಲ್ಲಿಸಿ ಹೇಳಿದರು. "ಇದು ನಡುಗ್ವಾಡಿ, ಎರಡು ಮನಿಗೂ ಸೇರಿದ್ದು. ಇದರಾಗ ತೂತು ಬಿದ್ರ ಆಚಿ ಮನಿಯವರ ಮಾತೇ ಮಾತು. ಅವರು ಮುಚ್ಚರಿ ಅಂದ್ರ, ಹೆರದ ಮಣ್ಣೆಲ್ಲಾ ತಿರುಗಿ ಇದಕ್ಕ ಮೆತ್ತಬೇಕು, ಹನ್ನೆರಡು ವರ್ಷ ಮುಟ್ಟಂಗಿಲ್ಲ. ಆಚಿ ಇರೂದು ಯಾರು ಅಂತ ಗೊತ್ತೈತಲ್ಲ?" ಗೊತ್ತಿತ್ತು. ಗುರುಸಿದ್ಧ ಕೂಡ ನೆಟ್ಟಗೆ ಕೂತ. ಮಣ್ಣು ತಿರುಗಿ ಮೆತ್ತಿದರೆ ಕೌದಿಯ ಕಥೆ ಅಲ್ಲಿಗೆ ಮುಗಿಯಿತು ಅಂತ ನಾನು ಸೆರಗು ಬಿಗಿದೆ.

ಆದರೂ ಆ ದಿನಗಳಲ್ಲಿ ನಕ್ಕಷ್ಟು ನಾನು ಮದುವೆಯಲ್ಲೂ ನಕ್ಕಿರಲಿಲ್ಲ. ಗೋಡೆಯೊಳಗಿಂದ ಒಂದೊಂದೇ ವರ್ಷ ಹೊರಬಂತು. ಮೊದಲು ಅರಿಸಿನ ಬಣ್ಣದ ಸುಣ್ಣ, ಅದರ ಹಿಂದೆ ನೀಲಿ, ನೀಲಿಯ ಹಿಂದೆ ಮತ್ತೆ ಬಿಳಿ. ಎಂಟು ಕ್ಯಾಲೆಂಡರು ಸಿಕ್ಕವು. ಹುಸೇನಬಿಯ ಸೂಜಿ ಡಬ್ಬಿ ಸಿಕ್ಕಿತು. ಅದನ್ನು ತುಳಸಕ್ಕ ಕದ್ದಿದ್ದಾಳೆಂದು ಅವರಿಬ್ಬರೂ ಒಂದು ತಿಂಗಳು ಮಾತು ಬಿಟ್ಟಿದ್ದರು. ಹದಿನೆಂಟನೇ ಬೆರಳಿಗೆ ನಮ್ಮವರ ಮೊದಲ ಗಜದ ಕಡ್ಡಿ ಸಿಕ್ಕಿತು. ನಾನದನ್ನು ಒಲೆಗೆ ಹಾಕಿದ್ದೇನೆ ಎಂದು ಇಷ್ಟು ವರ್ಷ ಬಂದವರೆದುರಿಗೆಲ್ಲ ಹೇಳಿಕೊಂಡು ತಿರುಗಿದ್ದರು. ಕಡ್ಡಿಯನ್ನು ಅವರ ಕೈಗೆ ಕೊಟ್ಟೆ. ಅವರು ಅದನ್ನು ಉಜ್ಜಿ ಉಜ್ಜಿ ಒರೆಸಿದರು. "ಒಲಿಗೆ ಹಾಕಿದ್ರೂ ಚಲೋನ ಇತ್ತು ಬಿಡು" ಅಂದರು. ಅದಕ್ಕೂ ಹಿಂದಿನ ಬಿಳಿ ಪದರದಲ್ಲಿ, ನೆಲದಿಂದ ಒಂದು ಮೊಳ ಮೇಲೆ, ಇದ್ದಲಿನ ಗೀಚು ಕಂಡಿತು. ಈಗ ಗಂಡನ ಮನೆ ಸೇರಿರುವ ನಮ್ಮ ಮಗಳು ಅಂಬೆಗಾಲಿಡುವಾಗ ಎಳೆದದ್ದು. ನಮ್ಮವರು ಅಲ್ಲಿ ಉಳಿ ಆಡಿಸಲು ಒಪ್ಪಲೇ ಇಲ್ಲ. ಸುತ್ತ ಎಲ್ಲ ಹೆರೆದು ಅದೊಂದೇ ಉಬ್ಬಿಕೊಂಡು ಉಳಿಯಿತು. ಕೊನೆಗೆ ಗುರುಸಿದ್ಧ ಅದನ್ನು ಬಿಲ್ಲೆಯ ಹಾಗೆ ಇಡಿಯಾಗಿ ಬಿಡಿಸಿ ತೆಗೆದು ಗೋಡೆಯ ಗೂಡಿನಲ್ಲಿಟ್ಟ. ನಮ್ಮವರು ಮುಖ ಆಚೆ ತಿರುಗಿಸಿಕೊಂಡು ಧೂಳನ್ನು ಬೈದರು.

ಒಂಬತ್ತನೇ ದಿನ ಮಧ್ಯಾಹ್ನ ಮೂರು ಗಂಟೆ. ಗೋಡೆ ಇನ್ನೇನು ಮುಗಿಯಿತು. ಕೂತಾಗ ತಲೆ ಬರುವಷ್ಟು ಎತ್ತರದಲ್ಲಿ ಒಂದು ಕಡೆ ಮಾತ್ರ ಉಳಿದಿತ್ತು, ನಮ್ಮವರು ಅಲ್ಲಿ ಕೂತು ಹೆರೆಯುತ್ತಿದ್ದರು. ಉಳಿ ಇದ್ದಕ್ಕಿದ್ದಂತೆ ಹಿಡಿಯ ತನಕ ಒಳಗೆ ಹೋಯಿತು. ಆಚೆ ಕಡೆ ಏನೋ ಧೊಪ್ಪೆಂದು ಬಿತ್ತು. ಉಳಿ ಎಳೆದರೆ ಬೋಗುಣಿಯಗಲದ ತೂತು, ತೂತಿನ ಆಚೆ ಒಂದು ಕನ್ನಡಕ, ಕನ್ನಡಕದ ಮೇಲೆಲ್ಲ ಮಣ್ಣು.

ಕಲ್ಲವ್ವ ತಲೆಯ ಮೇಲೆ ಸೆರಗು ಎಳೆದುಕೊಂಡರು. ನಮ್ಮವರು ಎದ್ದು ನಿಂತು, ಐವತ್ತು ದಾಟಿದ ಮನುಷ್ಯ, ಎದೆಯ ಮೇಲೆ ಕೈ ಕಟ್ಟಿದರು.

"ಯಾರದು?" ಆಚೆಯಿಂದ ಪ್ರಶ್ನೆ ಬಂತು.

"ನಾನ್ರಿ ಅಕ್ಕೋರ. ಚನವೀರ."

"ಎಷ್ಟು ಹೆರದಿ?"

"ಇಪ್ಪತ್ತೆರಡು ಬಟ್ಟು ರೀ." ಸ್ವಲ್ಪ ತಡೆದು, "ಮ್ಯಾಲ ನಾಕು" ಅಂದರು.

"ಯಾಕ ನಾಕು?"

"ರೂಢಿ ಆಗೇತ್ರಿ."

ಇವರ ಧಾರಾಳತನ ಊರ ಮಕ್ಕಳ ಅಂಗಿಗೆ ಸಾಲದೆ ನನ್ನ ನಡುಮನೆಗೂ ಬಂತಲ್ಲ ಎಂದುಕೊಂಡು, ತೂತು ಎಷ್ಟಿದೆ ನೋಡಲು ಬಗ್ಗಿದೆ. ಬಗ್ಗಿದವಳು ಹಾಗೇ ನಿಂತೆ. ತೂತಿನ ಆಚೆ ಗೋಡೆ ಇರಲಿಲ್ಲ. ಗೋಡೆಯಲ್ಲಿ ಒಂದು ಗುಂಡಿ ಇತ್ತು. ಒಂದು ತಲೆ ಹಿಡಿಸುವಷ್ಟು, ಒಳಗೆಲ್ಲ ನಯವಾಗಿ, ತಲೆಗೂದಲ ಎಣ್ಣೆ ಹತ್ತಿ ಹತ್ತಿ ಮಿರುಗುತ್ತಿತ್ತು. ಅದರ ಕೆಳಗೆ ಒಂದು ಸ್ಟೂಲು, ಸ್ಟೂಲಿನ ಮೇಲೆ ದಿಂಬು. ಪಕ್ಕದಲ್ಲಿ ಒಂದು ಮರದ ಫೂಟುಪಟ್ಟಿ, ಅರ್ಧ ಕುಡಿದ ಚಹಾ. ಚಹಾದಿಂದ ಇನ್ನೂ ಹಬೆ ಏಳುತ್ತಿತ್ತು. ಮೂರು ಗಂಟೆ, ನಾವು ಕೌದಿಗೆ ಕೂರುವ ಹೊತ್ತು.

ನಾನು ನೋಡಿದ್ದನ್ನು ಅಕ್ಕೋರು ನೋಡಿದರು. ಕಾಪಿ ಹೊಡೆಯುತ್ತ ಸಿಕ್ಕಿಬಿದ್ದ ಹುಡುಗಿಯ ಹಾಗೆ ಕಣ್ಣು ಕೆಳಗೆ ಹಾಕಿದರು. ಆ ಕಣ್ಣು ಕೆಳಗಾದದ್ದನ್ನು ನಮ್ಮೂರಲ್ಲಿ ಯಾರೂ ಕಂಡಿರಲಾರರು.

"ಏನ್ ಕಾಣತೈತಿ?" ಹಿಂದಿನಿಂದ ಕಲ್ಲವ್ವ ಕೇಳಿದರು.

ನಾನು ಒಂದು ಮಾತು ಆಡಿದ್ದರೆ ಸಾಕಿತ್ತು. ನಡುಗೋಡೆಯನ್ನು ಆಚೆಯವರೂ ಕೊರೆದಿದ್ದಾರೆ ಅಂದರೆ ಅವರಿಗೆ ನಮ್ಮನ್ನು ಕೇಳುವ ಬಾಯಿ ಉಳಿಯುವುದಿಲ್ಲ, ನಡುಮನೆ ನನ್ನದಾಗುತ್ತಿತ್ತು. ಆದರೆ ಹಿಂದೆ ಐದು ಜನ ನಿಂತಿದ್ದರು, ಅದರಲ್ಲಿ ಮೂವರು ಅವರ ಕೈಯಲ್ಲಿ ಕಲಿತವರು. ಅಷ್ಟು ಜನರೆದುರು ಆ ಹೆಂಗಸನ್ನು ಬೆಂಚಿನ ಮೇಲೆ ನಿಲ್ಲಿಸಲು ನನ್ನಿಂದಾಗಲಿಲ್ಲ.

"ಏನಿಲ್ರಿ ಕಲ್ಲವ್ವಾರ, ಬರೀ ಮಣ್ಣು" ಅಂದೆ. "ತಪ್ಪು ನಮ್ಮದ. ನಾಕು ಬಟ್ಟು ಹೆಚ್ಚಾತು."

ಕನ್ನಡಕ ತೂತಿನಿಂದ ಸರಿದುಹೋಯಿತು. ಕಲ್ಲವ್ವ ನಿಟ್ಟುಸಿರು ಬಿಟ್ಟು ಕೂತರು. "ಹಂಗಾದ್ರ ಮಣ್ಣು ಕಲಸ್ರಿ" ಅಂದರು. ಗುರುಸಿದ್ಧ ಕೊಡ ಹಿಡಿದು ನೀರಿಗೆ ಹೊರಟ. ತುಳಸಕ್ಕ ನನ್ನ ಬೆನ್ನ ಮೇಲೆ ಕೈಯಿಟ್ಟಳು. ನಮ್ಮವರು ಹಳೇ ಗಜದ ಕಡ್ಡಿಯನ್ನು ಮೊಣಕಾಲಿಗೆ ಕೊಟ್ಟು ಮುರಿಯಲು ನೋಡಿದರು. ಬೇಡವೆಂದು ಕಸಿದುಕೊಂಡೆ. ಸಿಟ್ಟು ಮಾಡಿಕೊಳ್ಳುವ ಶಕ್ತಿಯೂ ಇರಲಿಲ್ಲ.

ಟಕ್ ಟಕ್ ಟಕ್. ಗೋಡೆಯಲ್ಲಲ್ಲ, ನಮ್ಮ ಮುಂಬಾಗಿಲಲ್ಲಿ.

ಫೂಟುಪಟ್ಟಿ ಹಿಡಿದು ಸುಂದರಾಬಾಯಿ ಅಕ್ಕೋರು ಒಳಗೆ ಬಂದರು. ಇಪ್ಪತ್ತೆರಡು ವರ್ಷದಲ್ಲಿ ನಮ್ಮ ಹೊಸ್ತಿಲು ದಾಟಿದ್ದು ಅದೇ ಮೊದಲು. ತಲೆಗೂದಲಿಗೆ ಇನ್ನೂ ಮಣ್ಣು ಮೆತ್ತಿತ್ತು. ಯಾರ ಮುಖವನ್ನೂ ನೋಡದೆ ನೇರ ಗೋಡೆಯ ಹತ್ತಿರ ಹೋಗಿ ಪಟ್ಟಿ ಹಿಡಿದರು.

"ನಡುಗ್ವಾಡಿ ದಪ್ಪ ಎಷ್ಟು, ಚನವೀರ?"

"ಒಂದು ಮೊಳ ರೀ."

"ಮೊಳ ಅಂದ್ರ ಎಷ್ಟು ಬಟ್ಟು?"

"ಇಪ್ಪತ್ನಾಕು ರೀ."

"ಅದರಾಗ ನಿಂದು ನಾಕು ಕಳದ್ರ?"

ನಮ್ಮವರು ತುಟಿ ಅಲುಗಿಸಿದರು. "ಇಪ್ಪತ್ತು ರೀ."

"ಇಪ್ಪತ್ತು ಬಟ್ಟು ಗ್ವಾಡಿ ಇನ್ನೂ ಉಳೀಬೇಕಾಗಿತ್ತಲ್ಲ. ಅದು ಎಲ್ಲಿ ಹೋತು?"

ಅಕ್ಕೋರು ಪಟ್ಟಿಯನ್ನು ಕೆಳಗಿಳಿಸಿದರು. "ಅದನ್ನ ನಾ ಹೆರದೀನಿ" ಅಂದರು. ಆಮೇಲೆ ನನ್ನ ಕಡೆ ತಿರುಗಿದರು. "ತಪ್ಪು ಲೆಕ್ಕಾನ ಒಪ್ಪಿಕೊಂಡು ಸುಮ್ಮ ಕೂಡ್ರಿ ಅಂತ ನಾ ಯಾರಿಗೂ ಕಲಿಸಿಲ್ಲ, ನಿಂಬೆವ್ವ."

ನೀರು ತಂದ ಗುರುಸಿದ್ಧ ಕೊಡ ಹೊತ್ತುಕೊಂಡೇ ಬಾಗಿಲಲ್ಲಿ ನಿಂತುಬಿಟ್ಟ. ಕಲ್ಲವ್ವನೇ ಧೈರ್ಯ ಮಾಡಿ ಕೇಳಿದರು. "ಯಾಕ್ರೀ ಅಕ್ಕೋರ, ಗ್ವಾಡಿ ಯಾಕ ಹೆರದ್ರಿ?"

"ಕೇಳಸ್ತಿದ್ದಿಲ್ಲ." ಅವರು ತರಗತಿಯಲ್ಲಿ ಪಾಠ ಹೇಳುವ ದನಿಯಲ್ಲೇ ಹೇಳಿದರು. "ಹುಸೇನಬಿ ಗಂಟಲು ದೊಡ್ಡದದ, ಅಡ್ಡಿ ಇಲ್ಲ. ತುಳಸಕ್ಕಂದೂ ನಡೀತದ. ಈ ನಿಂಬೆವ್ವ ಮಾತಾಡಿದ್ರ ಒಂದಕ್ಷರಾ ಆಚಿಗೆ ಬರೂದಿಲ್ಲ. ಜೋರಾಗಿ ಹೇಳ್ರಿ ಅಂತ ನಾ ಬಡದ್ರ, ನೀವು ಇನ್ನೂ ಪಿಸುಗುಡ್ತಿದ್ರಿ. ಮತ್ತ ಬಡದ್ರ ಪೂರಾ ಬಂದ್. ನಾ ಏನ್ ಮಾಡ್ಲಿ? ದಿನಾ ಒಂದೀಟು ಹೆರದೆ."

ತುಳಸಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ನಗುವೋ ಮತ್ತೇನೋ ನನಗೆ ತಿಳಿಯಲಿಲ್ಲ.

"ಬರಬೇಕಿತ್ತಲ್ರಿ" ಅಂದರು ಕಲ್ಲವ್ವ. "ಬಾಗಲಾ ಇತ್ತಲ್ಲ."

"ಯಾರೂ ಕರೀಲಿಲ್ಲ" ಅಂದರು ಅಕ್ಕೋರು.

ಅದನ್ನು ದೂರಿನ ಹಾಗೆ ಹೇಳಲಿಲ್ಲ, ಹಾಜರಿ ಪುಸ್ತಕ ಓದಿದ ಹಾಗೆ ಹೇಳಿದರು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಹಬ್ಬ ಹಬ್ಬಕ್ಕೂ ಹೋಳಿಗೆ ಕಳಿಸಿದ್ದೆ, ಯಾರದೋ ಕೈಯಲ್ಲಿ. ಒಂದು ದಿನ ಹೋಗಿ ಬರ್ರಿ ಅಂತ ಕರೆದಿರಲಿಲ್ಲ. ಒಂದೇ ಗೋಡೆ ನಡುವೆ ಇಟ್ಟುಕೊಂಡು, ಆಕೆ ಬಡಿದಷ್ಟೂ ನಾವು ಬಾಯಿ ಮುಚ್ಚಿಕೊಂಡಿದ್ದೆವು.

"ಈಗ ಏನ್ ಮಾಡೂದ್ರಿ?" ಎಂದರು ನಮ್ಮವರು ಕಲ್ಲವ್ವನಿಗೆ. "ಇಬ್ಬರೂ ಹೆರದೇವಿ. ಯಾರ ಮಾತು ನಡೀಬೇಕು?"

ಕಲ್ಲವ್ವ ತಮಗೆ ಗೊತ್ತಿದ್ದ ಕಟ್ಟಳೆಗಳನ್ನೆಲ್ಲ ಬೆರಳು ಮಡಚಿ ಎಣಿಸಿದರು. ಎರಡೂ ಕಡೆಯವರು ಒಂದೇ ಜಾಗದಲ್ಲಿ ಕೊರೆದದ್ದು ಅವರಿಗೆ ತಿಳಿದಂತೆ ಊರಲ್ಲಿ ನಡೆದೇ ಇರಲಿಲ್ಲ. "ಇದಕ್ಕ ಕಟ್ಟಳಿನ ಇಲ್ಲ" ಅಂದರು ಕೊನೆಗೆ, ತುಸು ಬೇಸರದಿಂದ.

"ಅದು ಆಮ್ಯಾಲ ಆಗಲಿ" ಎಂದು ಅಕ್ಕೋರು ಫೂಟುಪಟ್ಟಿಯನ್ನು ಹುಸೇನಬಿಯ ಕಡೆ ಚಾಚಿದರು. "ನೀ ಮೊದಲ ಹೇಳು. ಆ ಕುದುರಿ ಅಕಿ ಬಾಗಲದಾಗ ನಿಂತ ಮ್ಯಾಲ ನಿಮ್ಮ ಮಾಮು ಇಳದನೋ ಇಲ್ಲೋ? ಒಂಬತ್ತು ದಿನಾ ಆತು, ಬರೀ ಉಳಿ ಸಪ್ಪಳಾ ಕೇಳಿಕೋತ ಕೂತೀನಿ."

ಹುಸೇನಬಿ ನನ್ನನ್ನು ನೋಡಿದಳು, ತುಳಸಕ್ಕನನ್ನು ನೋಡಿದಳು, ಆಮೇಲೆ ಸೊಂಟದ ಮೇಲೆ ಕೈಯಿಟ್ಟಳು. "ಅಕ್ಕೋರ, ಕೌದಿ ಹಾಸದ ನಾ ಕಥಿ ಹೇಳೂದಿಲ್ಲ."

"ಹಂಗಾದ್ರ ಹಾಸ್ರಿ. ಯಾರು ಬ್ಯಾಡ ಅಂದವರು?"

ಗುರುಸಿದ್ಧ ಕೊಡ ಇಳಿಸಿ ಪೊರಕೆ ತಂದ. ಅರ್ಧಂಬರ್ಧ ಗುಡಿಸಿದ ನೆಲದ ಮೇಲೆ, ಆ ಧೂಳಿನಲ್ಲೇ, ಕೌದಿಯನ್ನು ಬಿಡಿಸಿ ಕೊಡವಿ ಹಾಸಿದೆವು. ನಾಲ್ಕೂ ಅಂಚು ನೆಲಕ್ಕೆ ಮಲಗಿದವು. ಎಲ್ಲೂ ಗೋಡೆ ಹತ್ತಲಿಲ್ಲ. ಮೂಡಣ ಗೋಡೆಯ ಕಡೆ ಕೌದಿಯ ಅಂಚು ಮುಗಿದ ಮೇಲೂ ಸ್ವಲ್ಪ ಬರಿ ನೆಲ ಉಳಿದಿತ್ತು. ನಮ್ಮವರು ಬಗ್ಗಿ ಅಲ್ಲಿ ಕೈಯಿಟ್ಟು ನೋಡಿ ಎದ್ದರು. ಸರಿಯಾಗಿ ನಾಲ್ಕು ಬೆರಳು. ನನಗೆ ನಗು ತಡೆಯಲಾಗಲಿಲ್ಲ.

ಅಕ್ಕೋರು ಗೌರವ್ವನ ಮೂಲೆಗೆ ಬಂದು ನಿಂತರು. ಅಲ್ಲಿ ನಾನು ಅಭ್ಯಾಸಬಲದಿಂದ ಆಗಲೇ ಗುಂಡುಕಲ್ಲು ಇಟ್ಟಿದ್ದೆ. "ಇದೇನು?" ಎಂದು ಕೇಳಿದರು.

"ಅಲ್ಲಿ ಕೂಡಾವರು ಯಾರೂ ಇಲ್ರಿ" ಅಂದೆ. ಇಪ್ಪತ್ತೆರಡು ವರ್ಷ ತಡವಾಗಿ, ಆದರೆ ಅವರಿಗೆ ಕೇಳಿಸುವಷ್ಟು ಗಟ್ಟಿಯಾಗಿ, ಮುಂದಿನ ಮಾತನ್ನೂ ಆಡಿದೆ. "ಬರ್ರಿ ಅಕ್ಕೋರ, ಕೂಡ್ರಿ."

ಅವರು ಗುಂಡುಕಲ್ಲನ್ನು ಎರಡೂ ಕೈಯಿಂದ ಎತ್ತಿ ಆಚೆಗಿಟ್ಟು, ಆ ಮೂಲೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು. ತುಳಸಕ್ಕ ದಾರ ಪೋಣಿಸಿದ ಸೂಜಿ ಕೊಟ್ಟಳು. ಕಲ್ಲವ್ವ, ಗುರುಸಿದ್ಧ, ನಮ್ಮವರು ಗೋಡೆಗೊರಗಿ ಕೂತರು. ಹುಸೇನಬಿ ಗಂಟಲು ಸರಿಮಾಡಿಕೊಂಡಳು.

ಮಾಮು ಇಳಿದನಂತೆ. ಇಳಿಯದೆ ಬೇರೆ ದಾರಿ ಇರಲಿಲ್ಲ, ಕುದುರೆ ಕದಲಬೇಕಲ್ಲ. ಮೆರವಣಿಗೆಗೆ ಮೆರವಣಿಗೆಯೇ ಸುಮ್ಮನಾಯಿತಂತೆ, ಬಾಜಾದವರೂ ನಿಲ್ಲಿಸಿಬಿಟ್ಟರಂತೆ. ಬಾಗಿಲು ತೆರೆಯಿತು. ಆ ಹುಡುಗಿ ಕೊಡಪಾನ ಹಿಡಿದುಕೊಂಡು ಹೊರಗೆ ಬಂದಳು. ಮಾಮು ಮುಖದ ಹೂವಿನ ಸೆಹರಾ ಸರಿಸಿ ನಿಂತ. ಆಕೆ ಅವನ ಪಕ್ಕದಿಂದಲೇ ಹಾದುಹೋಗಿ ಕುದುರೆಗೆ ನೀರು ಕುಡಿಸಿದಳು, ಅದರ ಕತ್ತು ತಟ್ಟಿದಳು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

"ಮಾಮೂಗೆ?" ಎಂದು ಗುರುಸಿದ್ಧ ಕೇಳಿದ.

"ಒಂದು ಹನಿ ಇಲ್ಲ."

ಎಲ್ಲರಿಗಿಂತ ಮೊದಲು ನಕ್ಕವರು ಅಕ್ಕೋರು. ಅವರ ನಗು ಅಷ್ಟು ದೊಡ್ಡದೆಂದು ನಮಗ್ಯಾರಿಗೂ ಗೊತ್ತಿರಲಿಲ್ಲ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ಮತ್ತೆ ನಕ್ಕರು.

ತೂತನ್ನು ಮುಚ್ಚುವ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಯುಗಾದಿಯೊಳಗೆ ಗುರುಸಿದ್ಧ ಅದನ್ನು ದೊಡ್ಡದು ಮಾಡಿ ಒಂದು ಬಾಗಿಲು ಕೂರಿಸಿದ. ಚೌಕಟ್ಟಿಗಾಗಿ ಗೋಡೆ ಕೊರೆಯಲು ಅಳತೆ ಕೊಟ್ಟವರು ನಮ್ಮವರು; ಬಡಿಗ ಬಂದು ನೋಡಿ, ಸಂದಿಗೆ ತುರುಕಲು ನಾಲ್ಕು ಬೆರಳಿನ ಪಟ್ಟಿ ಬೇರೆ ತರಬೇಕಾಯಿತು. ಆ ಬಾಗಿಲ ಅಂಚೂ ವರ್ಷಕ್ಕೊಂದು ಬೆರಳು ಬೆಳೆಯುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಈ ಕಡೆಯಿಂದ ನಾವು, ಆ ಕಡೆಯಿಂದ ಅಕ್ಕೋರು, ಒಂದೇ ದಿನ ಹೆರೆಯುವುದು ಅಂತ ಮಾತಾಗಿದೆ. ಇದನ್ನೇ ಕಟ್ಟಳೆ ಮಾಡಬೇಕು ಎಂದು ಕಲ್ಲವ್ವ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರೆ. ಶಿವಲೀಲಾಳಿಗೆ ಏನು ಹೇಳಿದಿ ಎಂದು ತುಳಸಕ್ಕನನ್ನು ಕೇಳಿದರೆ, "ನನ್ನ ಸೊಂಟ ಚಲೋ ಆತು ಅಂದೆ" ಎಂದಳು.

ಈಗಲೂ ಮೂರಕ್ಕೆ ಕೂರುತ್ತೇವೆ, ನಾಲ್ಕು ಮೂಲೆಗೆ ನಾಲ್ವರು. ನನ್ನ ದನಿ ಮಾತ್ರ ಇನ್ನೂ ಸಣ್ಣದೇ. ಕಥೆಯ ನಡುವೆ ಎಲ್ಲೋ ಅದು ತಗ್ಗಿತೆಂದರೆ, ಅಕ್ಕೋರು ಸೂಜಿಯಿಂದ ಕಣ್ಣು ತೆಗೆಯದೆ ಫೂಟುಪಟ್ಟಿಯಿಂದ ನೆಲಕ್ಕೆ ಮೂರು ಸಲ ಬಡಿಯುತ್ತಾರೆ. ನಾನು ದನಿ ಏರಿಸುತ್ತೇನೆ.